ಗಡಿಯಾರದ ಕೆಳಗೆ ನಿಂತವಳು

"ನಿಮ್ಮ ಫೋನ್ ಸರಿ ಇಲ್ಲ. ವಾಪಸ್ ತಗೊಳ್ಳಿ."

ಡಾ. ರಾಜ್‌ಕುಮಾರ್ ರಸ್ತೆಯ ಮೊಬೈಲ್ ಅಂಗಡಿಯಲ್ಲಿ ಕ್ಯಾಮೆರಾ ಫೋನುಗಳ ಕೌಂಟರ್ ನೋಡಿಕೊಳ್ಳುತ್ತಿದ್ದ ಯೋಗಾನಂದ ತಲೆಯೆತ್ತಿದ. ಎದುರಿಗೆ ನಿಂತ ಹುಡುಗಿಯ ಮೂಗಿನ ತುದಿ ಸಿಟ್ಟಿಗೆ ಕೆಂಪಾಗಿತ್ತು.

"ಏನಾಯ್ತು ಮೇಡಂ? ಹ್ಯಾಂಗ್ ಆಗ್ತಾ ಇದೆಯಾ?"

"ಹ್ಯಾಂಗೂ ಇಲ್ಲ, ಏನೂ ಇಲ್ಲ. ನನ್ನ ಮೂಗು ದಪ್ಪ ಬರ್ತಾ ಇದೆ."

"ವಾರಂಟಿ ಫೋನಿಗೆ ಮಾತ್ರ ಮೇಡಂ. ಮೂಗಿಗಿಲ್ಲ."

ಅಂದವನೇ ನಾಲಿಗೆ ಕಚ್ಚಿಕೊಂಡ. ಹುಡುಗಿ ಕಣ್ಣರಳಿಸಿ ಅವನನ್ನೇ ನೋಡಿದಳು. ಬೈಯಲೋ ನಗಲೋ ಎಂದು ತುಟಿ ಒಂದು ಕ್ಷಣ ಅನುಮಾನಿಸಿತು. ಕೊನೆಗೆ ನಕ್ಕುಬಿಟ್ಟಳು. ಪುಣ್ಯಾತ್ಮ ಅಲ್ಲೇ ಬಿದ್ದ.

"ಫೋನ್ ಮುಖಕ್ಕೆ ಹಿಡ್ಕೊಂಡು ತೆಗೆದ್ರೆ ಯಾರ ಮೂಗಾದ್ರೂ ಅಷ್ಟೇ. ಲೆನ್ಸಿಗೆ ಹತ್ರ ಇರೋದು ದೊಡ್ಡದಾಗುತ್ತೆ, ಕಿವಿ ಹಿಂದಕ್ಕೆ ಹೋಗ್ಬಿಡುತ್ತೆ. ಅಲ್ಲೇ ನಿಂತಿರಿ," ಎನ್ನುತ್ತ ಅವಳ ಫೋನ್ ಹಿಡಿದು ಹತ್ತು ಹೆಜ್ಜೆ ಹಿಂದಕ್ಕೆ ಹೋದ. 3x ಒತ್ತಿದ. ಫೋಟೋ ತೆಗೆದು ತಂದು ತೋರಿಸಿದ.

"ಇದು ನಾನಾ?"

"ನೀವೇ. ನಾನು ದೂರ ಹೋಗಿ ಲೆನ್ಸ್ ಬದಲಾಯಿಸ್ದೆ, ಅಷ್ಟೇ."

ಹುಡುಗಿಯ ಹೆಸರು ಧನ್ಯಶ್ರೀ. ಬಸವೇಶ್ವರನಗರದ ಮನೆಯಲ್ಲೇ ಬ್ಲೌಸಿಗೆ ಆರಿ ಕಸೂತಿ ಹಾಕಿಕೊಡುತ್ತಿದ್ದಳು. ಅಪ್ಪ ಚಿಕ್ಕಣ್ಣ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಮಷೀನಿನ ಮುಂದೆ ಮೂವತ್ತು ವರ್ಷ ನಿಂತು ರಿಟೈರ್ ಆದವರು. ತಾನು ಹಾಕಿದ ಕಸೂತಿಯ ಫೋಟೋಗಳನ್ನು ಸ್ಟೇಟಸ್‌ಗೆ ಹಾಕಿದರೆ ಯಾರೂ ಕೇಳುವುದಿಲ್ಲ ಎನ್ನುವುದು ಅವಳ ದೊಡ್ಡ ದುಃಖ. ಅದನ್ನು ಸರಿಮಾಡುತ್ತೇನೆ ಎಂದು ಯೋಗಾನಂದ ಮಾತು ಕೊಟ್ಟ.

ಅಲ್ಲಿಂದ ಪ್ರತಿ ಮಂಗಳವಾರ ಅಂಗಡಿ ಖಾಲಿ ಇರುವ ಹೊತ್ತಿಗೆ ಅವಳು ಬರುವುದು, ಇವನು ಪಾಠ ಹೇಳುವುದು. ಫೋಟೋ ಚೆನ್ನಾಗಿ ಬಂದರೆ ಅವಳು ಹುಬ್ಬು ಕುಣಿಸುತ್ತಿದ್ದಳು. ಆ ಹುಬ್ಬಿಗಾಗಿ ಇವನು ವಾರವಿಡೀ ಕಾಯುತ್ತಿದ್ದ. ಪಾಠದ ನಡುವೆ ಇಬ್ಬರ ಬೆರಳೂ ಒಂದೇ ಸ್ಕ್ರೀನಿನ ಮೇಲೆ ಬಂದರೆ ಇಬ್ಬರೂ ತೆಗೆಯುತ್ತಿರಲಿಲ್ಲ, ಇಬ್ಬರೂ ಗಮನಿಸದವರಂತೆ ಇರುತ್ತಿದ್ದರು.

ಒಂದು ದಿನ ಟೇಬಲ್ ತುಂಬ ಬ್ಲೌಸ್ ಹರಡಿ, ಮೂಲೆಯಲ್ಲಿ ಕಸೂತಿಯ ದುಂಡು ರಿಂಗ್ ಇಟ್ಟು, 0.5 ಒತ್ತಿ ತೆಗೆದಳು.

"ಅಯ್ಯೋ, ನನ್ನ ರಿಂಗು ಮೊಟ್ಟೆ ಆಯ್ತಲ್ರೀ!"

"ಅದು ವೈಡ್ ಲೆನ್ಸು. ಎಲ್ಲಾನೂ ಒಳಗೆ ತುಂಬಿಸ್ಕೊಳ್ಳುತ್ತೆ, ಅಂಚಲ್ಲಿರೋದನ್ನ ಮಾತ್ರ ಎಳೆದುಬಿಡುತ್ತೆ. ಸೆಟ್ಟಿಂಗ್ಸಲ್ಲಿ ಇದೊಂದು ಆನ್ ಇದ್ರೆ ಸ್ವಲ್ಪ ಸರಿಹೋಗುತ್ತೆ, ನೋಡಿ. ಆದ್ರೂ ಮನುಷ್ಯರನ್ನ ಅಂಚಿಗೆ ನಿಲ್ಲಿಸ್ಬಾರ್ದು. ಅದ್ರಲ್ಲೂ ಹೆಂಗಸರನ್ನ. ಆಮೇಲೆ ಫೋಟೋ ತೆಗ್ದೋನಿಗೇ ಪೂಜೆ!"

ಅವಳು ನಗುತ್ತ ಆರ್ಡರ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು: ಹೆಂಗಸರು ಅಂಚಿಗೆ ಬೇಡ.

ಇಷ್ಟೆಲ್ಲ ಗೊತ್ತಿದ್ದ ಯೋಗಾನಂದನಿಗೆ ಒಂದು ಮಾತು ಹೇಳಲು ಮಾತ್ರ ಗೊತ್ತಾಗಲಿಲ್ಲ. ಏಳೆಂಟು ತಿಂಗಳು ಕಳೆದವು. ಅವಳು ಇಲ್ಲ ಎಂದುಬಿಟ್ಟರೆ ಮಂಗಳವಾರವೂ ಹೋಗುತ್ತದಲ್ಲ ಎನ್ನುವ ಭಯ ಅವನಿಗೆ. ಗುರುತಿಲ್ಲದ ಗಿರಾಕಿಗೆ ಲಕ್ಷದ ಫೋನನ್ನು ಹತ್ತು ನಿಮಿಷದಲ್ಲಿ ಒಪ್ಪಿಸುವ ಬಾಯಿ, ಅವಳ ಮುಂದೆ ಒಣಗಿ ಹೋಗುತ್ತಿತ್ತು. ಇವನನ್ನು ಏನೆಂದು ಬೈಯಬೇಕೋ ನನಗಂತೂ ತಿಳಿಯದು.

ಅವಳ ಅಮ್ಮ ಕಲಾವತಿ ಗಂಡು ಹುಡುಕಲು ಶುರುಮಾಡಿದರು. ಪ್ರೊಫೈಲ್ ಫೋಟೋ ಯಾರು ತೆಗೆಯಬೇಕು? ಈ ಮಹಾನುಭಾವನೇ. ಮನೆಯ ಟೆರೇಸಿನಲ್ಲಿ, ಸಂಜೆಯ ಬಿಸಿಲಲ್ಲಿ, ನೀರಿನ ಟ್ಯಾಂಕಿಗೆ ಬೆನ್ನು ತಾಗುವಷ್ಟು ಹಿಂದೆ ಹೋಗಿ 3xನಲ್ಲಿ ತೆಗೆದ. ಅವಳು ಕ್ಯಾಮೆರಾ ನೋಡದೆ ಅವನನ್ನು ನೋಡಿದ್ದಳು. ಅಷ್ಟು ಚೆಂದದ ಫೋಟೋ ಅವನು ಆವರೆಗೆ ತೆಗೆದಿರಲಿಲ್ಲ. ಆ ಫೋಟೋ ಕುಲಬಾಂಧವರ ವಾಟ್ಸಾಪ್ ಗ್ರೂಪಿಗೆ ಹೋಗಿ ವಾರದೊಳಗೆ ಸಂಬಂಧ ತಂದಿತು. ಹುಡುಗ ಉದಯಕುಮಾರ್. ತಂದೆತಾಯಿ ಕೆಂಗೇರಿಯಲ್ಲಿ, ಅವನಿಗೆ ಹುಬ್ಬಳ್ಳಿಯಲ್ಲಿ ರೈಲು ಓಡಿಸುವ ಕೆಲಸ.

"ಭಾನುವಾರ ಗಂಡಿನ ಕಡೆಯೋರು ಬರ್ತಾರೆ," ಧನ್ಯಶ್ರೀ ಅಂಗಡಿಗೇ ಬಂದು ಹೇಳಿದಳು. "ಹುಡುಗಂಗೆ ರಜೆ ಸಿಕ್ಕಿಲ್ವಂತೆ. ಎಲ್ಲರೂ ಇರೋ ಒಂದು ಫೋಟೋ ತೆಗೆದು ಕಳಿಸ್ಬೇಕು. ಅವನು ನೋಡಿ ಹೂಂ ಅಂದ್ರೆ ಮುಂದಿನ ಮಾತು. ನೀವೇ ಬರ್ಬೇಕು."

"ಆಯ್ತು."

"ಸ್ವಲ್ಪ ಬೇಗ ಬನ್ನಿ."

"ಆಯ್ತು."

ಅವಳು ಹೊರಡಲಿಲ್ಲ. ಕೌಂಟರಿನ ಗಾಜಿನ ಮೇಲೆ ಬೆರಳಿನಿಂದ ಗೆರೆ ಎಳೆದಳು, ಅಳಿಸಿದಳು, ಮತ್ತೆ ಎಳೆದಳು. ಕಣ್ಣೆತ್ತಿ ಕೇಳಿದಳು. "ಬೇರೆ ಏನಾದ್ರೂ ಹೇಳೋದಿದ್ಯಾ?"

"ಚಾರ್ಜ್ ಫುಲ್ ಮಾಡ್ಕೊಂಡು ಬರ್ತೀನಿ," ಎಂದ ಯೋಗಾನಂದ.

ಭಾನುವಾರ ಬೇಗನೇ ಹೋದ. ಹಾಲಿನಲ್ಲಿ ಪರದೆ ಸರಿಸಿ, ಟ್ಯೂಬ್‌ಲೈಟ್ ಹಾಕಿ ಆರಿಸಿ ಬೆಳಕು ನೋಡುತ್ತ ಅರ್ಧ ಗಂಟೆ ಕಳೆದ. ಆಮೇಲೆ ಅವರು ಬಂದರು. ಕೇಸರಿಬಾತು, ಬಜ್ಜಿ, ಕಾಫಿ ಎಲ್ಲ ಆಯಿತು. ಹುಡುಗನ ತಾಯಿ ಧನ್ಯಶ್ರೀಯ ಭುಜದ ಮೇಲೆ ಕೈಯಿಟ್ಟು, "ನಮ್ಮನೆಗೆ ಬೆಳಕು ಬಂದಂಗಾಗುತ್ತೆ" ಎಂದರು. ಯೋಗಾನಂದ ಎದ್ದುಹೋಗಿ, ಆಗಲೇ ಸರಿಸಿದ್ದ ಪರದೆಯನ್ನು ಮತ್ತೊಮ್ಮೆ ಸರಿಸಿದ.

ಹಾಲು ಚಿಕ್ಕದು, ಜನ ಒಂಬತ್ತು. ಗೋಡೆಗೆ ಒರಗಿದರೂ 1xನಲ್ಲಿ ಎಲ್ಲರೂ ಹಿಡಿಸಲಿಲ್ಲ. 0.5 ಒತ್ತಲೇಬೇಕಾಯಿತು. ಅಲ್ಲಿವರೆಗೆ ಅವನ ತಪ್ಪೇನಿಲ್ಲ.

"ಧನ್ಯಾ ಮಧ್ಯ ನಿಲ್ಲಲಿ," ಎಂದರು ಕಲಾವತಿ.

"ಬೇಡ ಆಂಟಿ, ಹಿರಿಯರು ಮಧ್ಯ ಇರ್ಲಿ. ಇವರು ಈ ಕಡೆ ಬರ್ಲಿ, ಗಡಿಯಾರದ ಕೆಳಗೆ. ಇನ್ನೂ ಸ್ವಲ್ಪ ಪಕ್ಕಕ್ಕೆ."

ಧನ್ಯಶ್ರೀ ಅವನನ್ನು ಒಮ್ಮೆ ನೋಡಿದಳು. ಫೋಟೋ ತೆಗೆಯುತ್ತಿರುವವನು ಅವನಲ್ಲವೇ, ಸರಿ ಎಂದುಕೊಂಡು ಸರಿದು ನಿಂತಳು. ಅಷ್ಟರಲ್ಲಿ ಅವನ ಹೆಬ್ಬೆರಳು ಸೆಟ್ಟಿಂಗ್ಸಿಗೆ ಹೋಗಿ, ಅಂಚನ್ನು ಸರಿಮಾಡುವ ಆ ಒಂದು ಗುಂಡಿಯನ್ನು ಆಫ್ ಮಾಡಿ ಬಂದಿತ್ತು.

ಬುಧವಾರ ಹುಬ್ಬಳ್ಳಿಯಿಂದ ಉತ್ತರ ಬಂತು. ಮೊದಲ ಫೋಟೋದಲ್ಲಿ ಬಳ್ಳಿಯ ಹಾಗಿದ್ದ ಹುಡುಗಿ ಇದರಲ್ಲಿ ಎರಡಾಳಿನಷ್ಟು ಅಗಲವಿದ್ದಾಳೆ, ಮೊದಲನೆಯದನ್ನು ಕಂಪ್ಯೂಟರಿನಲ್ಲಿ ತಿದ್ದಿಸಿ ಮೋಸ ಮಾಡಿದ್ದೀರಿ ಎಂದ ಹುಡುಗ. ಕಣ್ಣಾರೆ ಕಂಡು ಬಂದ ತಂದೆತಾಯಿ ಹಾಗಿಲ್ಲಪ್ಪ ಎಂದರೂ ಕೇಳಲಿಲ್ಲ. ಅವನ ಅತ್ತೆಯೊಬ್ಬಳು ಎರಡೂ ಫೋಟೋ ಅಕ್ಕಪಕ್ಕ ಇಟ್ಟು, ಯಾವ ಗ್ರೂಪಿನಿಂದ ಸಂಬಂಧ ಬಂದಿತ್ತೋ ಅದೇ ಗ್ರೂಪಿಗೆ ಹಾಕಿದಳು. ನಗುವ ಮುಖಗಳ ಸಾಲೇ ಬಂದು ಬಿತ್ತು. ಚಿಕ್ಕಣ್ಣ ಪಾರ್ಕಿನ ವಾಕಿಂಗ್ ಬಿಟ್ಟರು.

ಸಂಬಂಧ ಮುರಿಯಿತು ಎಂದು ಕೇಳಿ ಯೋಗಾನಂದನಿಗೆ ಮೊದಲು ಖುಷಿಯೇ ಆಯಿತು, ಸುಳ್ಳೇಕೆ. ಇನ್ನು ಹೇಳಿಬಿಡುತ್ತೇನೆ ಎಂದುಕೊಂಡು ಮಂಗಳವಾರ ಇಸ್ತ್ರಿ ಶರ್ಟ್ ಹಾಕಿಕೊಂಡು ಬಂದ. ಅವಳು ಬರಲಿಲ್ಲ. ಮುಂದಿನ ಮಂಗಳವಾರವೂ ಇಲ್ಲ. ಫೋನ್ ಮಾಡಿದರೆ "ಕೆಲಸ ಇದೆ" ಎನ್ನುವ ಸಣ್ಣ ದನಿ. ಎಂಟು ಮಂಗಳವಾರ ಹಾಗೇ ಹೋದವು.

ಬಂದದ್ದು ಒಂದು ಗುರುವಾರ ಮಧ್ಯಾಹ್ನ. ಅವಳ ಚೂಡಿದಾರ ಭುಜದಿಂದ ಜಾರುತ್ತಿತ್ತು. ಕೆನ್ನೆಯ ಮೂಳೆ ಎದ್ದು, ಕಣ್ಣು ಗುಳಿಬಿದ್ದಿದ್ದವು. ಎಂಟು ವಾರದಿಂದ ಗಂಟಲಲ್ಲೇ ನಿಂತಿದ್ದ ಮಾತು ತಾನಾಗಿ ಹೊರಬಿತ್ತು.

"ಧನ್ಯಾ, ನಂಗೆ ನೀವಂದ್ರೆ ಪ್ರಾಣ. ಮೂಗು ದಪ್ಪ ಅಂತ ಜಗಳಕ್ಕೆ ಬಂದ್ರಲ್ಲ, ಆವತ್ತಿಂದ. ನನ್ನ ಮದುವೆ ಆಗ್ತೀರಾ?"

ಅವಳು ಕಣ್ಣು ಮುಚ್ಚಿಕೊಂಡಳು. ತೆರೆದಾಗ ರೆಪ್ಪೆ ಒದ್ದೆಯಾಗಿತ್ತು. ಬ್ಯಾಗಿನಿಂದ ಫೋನ್ ತೆಗೆದು ಕೌಂಟರಿನ ಮೇಲಿಟ್ಟಳು. ಅದೇ ಗುಂಪು ಫೋಟೋ. ಎರಡು ಬೆರಳಲ್ಲಿ ದೊಡ್ಡದು ಮಾಡಿ ಮೂಲೆಯನ್ನು ತೋರಿಸಿದಳು.

"ನಿನ್ನೆ ಗಡಿಯಾರ ನಿಂತೋಯ್ತು. ಸೆಲ್ ಹಾಕೋಣ ಅಂತ ಕೆಳಗಿಳಿಸಿ ಕೈಲಿ ಹಿಡ್ಕೊಂಡೆ. ದುಂಡಗಿತ್ತು. ಇದ್ರಲ್ಲಿ ನೋಡಿ, ಮೊಟ್ಟೆ."

ಯೋಗಾನಂದ ಫೋಟೋದಿಂದ ಕಣ್ಣು ಕಿತ್ತು ಕೌಂಟರಿನ ಗಾಜನ್ನು ನೋಡಿದ.

"ಆ ಸೆಟ್ಟಿಂಗ್ ಆಫ್ ಆಗಿತ್ತಾ, ನೀವು ಆಫ್ ಮಾಡಿದ್ರಾ?"

"ನಾನೇ ಮಾಡ್ದೆ."

"ಎರಡು ತಿಂಗಳಿಂದ ಒಂದೇ ಹೊತ್ತು ಊಟ ನಂದು. ಮೊನ್ನೆ ಸ್ಟೂಲ್ ಮೇಲಿಂದ ತಲೆ ತಿರುಗಿ ಬಿದ್ದೆ. ಕನ್ನಡೀಲಿ ಸರಿಯಾಗೇ ಕಾಣ್ತಿದ್ದೆ ಕಣ್ರೀ. ಆದ್ರೂ ಕನ್ನಡಿ ನಂಬ್ಲಿಲ್ಲ, ಫೋಟೋ ನಂಬ್ದೆ. ಯಾಕೆ ಗೊತ್ತಾ? ತೆಗೆದಿದ್ದು ನೀವು ಅಂತ."

"ನೀವು ಬೇರೆಯೋರ ಪಾಲಾಗ್ತೀರಿ ಅಂತ ಭಯ ಆಯ್ತು."

"ನಮ್ಮನೇಲಿ ಯಾರ ಹತ್ರಾನೂ ಫೋನ್ ಇರ್ಲಿಲ್ವಾ? ನಿಮ್ಮನ್ನ ಯಾಕೆ ಬೇಗ ಬನ್ನಿ ಅಂದೆ?" ಅವಳ ದನಿ ಒಡೆಯಿತು. "ಆ ಭಾನುವಾರ ಬಟ್ಟೆ ತೆಗೆಯೋ ನೆಪ ಮಾಡ್ಕೊಂಡು ಅರ್ಧ ಗಂಟೆ ಟೆರೇಸಲ್ಲಿ ಕಾಯ್ತಾ ನಿಂತಿದ್ದೆ. ಬಂದು ಒಂದು ಮಾತು ಹೇಳಿದ್ರೆ ನಾನೇ ಕೆಳಗಿಳಿದು ಬಂದು ಅಪ್ಪಂಗೆ ಈ ಸಂಬಂಧ ಬೇಡ ಅಂತಿದ್ದೆ. ನೀವು ಕೆಳಗೆ ಲೈಟ್ ಹಾಕಿ ಆರಿಸ್ತಾ ಇದ್ರಿ."

"ತಪ್ಪಾಯ್ತು ಧನ್ಯಾ. ಈಗ ಹೇಳ್ತಾ ಇದೀನಲ್ಲ."

"ನಂಗೆ ಹೇಳಿ ಏನು ಬಂತು? ಅಮ್ಮಂಗೆ ಹೇಳಿ. ಬನ್ನಿ. ಈಗ್ಲೇ."

ಹೋದ. ಅದೊಂದನ್ನು ಮಾತ್ರ ಒಪ್ಪಬೇಕು, ಹೋದ. ಅವಳ ಸ್ಕೂಟರಿನ ಹಿಂದೆ ಬೈಕ್ ಓಡಿಸುತ್ತ, ಹೇಳಿಬಿಟ್ಟರೆ ಅವಳ ಸಿಟ್ಟು ಇಳಿದೀತು, ಮೊದಲಿನ ಹಾಗೆ ಹುಬ್ಬು ಕುಣಿಸಿಯಾಳು ಎಂದುಕೊಳ್ಳುತ್ತಲೇ ಹೋದ. ಸಿಗ್ನಲ್ಲಿನಲ್ಲಿ ಅವಳ ಪಕ್ಕವೇ ನಿಂತ. ಅವಳು ತಿರುಗಲಿಲ್ಲ.

"ಬಾಪ್ಪ ಯೋಗಾನಂದ, ಎಷ್ಟು ದಿನ ಆಯ್ತು! ಕೂತ್ಕೋ, ಕಾಫಿ ಇಡ್ತೀನಿ," ಎಂದರು ಕಲಾವತಿ. ಒಮ್ಮೆಯೂ ಅವರು ಅವನನ್ನು ಬರಿಬಾಯಲ್ಲಿ ಕಳಿಸಿದವರಲ್ಲ.

ಅವನು ಕೂರಲಿಲ್ಲ. ನಿಂತೇ ಹೇಳಿದ. ಲೆನ್ಸು, ಅಂಚು, ಗಡಿಯಾರ, ಆಫ್ ಮಾಡಿದ ಗುಂಡಿ, ಯಾಕೆ ಮಾಡಿದೆ ಎನ್ನುವುದು, ಎಲ್ಲ. ಚಿಕ್ಕಣ್ಣ ಪೇಪರ್ ಮಡಚಿದರು, ಮತ್ತೆ ಮಡಚಿದರು.

"ಅಂದ್ರೆ, ನಮ್ಮ ಹುಡುಗಿ ಹಂಗಿಲ್ವಾ?" ಎಂದರು ಕಲಾವತಿ.

"ಇಲ್ಲ ಆಂಟಿ. ಯಾವತ್ತೂ ಇರ್ಲಿಲ್ಲ."

ಕಲಾವತಿ ಗೋಡೆ ಹಿಡಿದು ಕೂತರು. "ಸಾಕು, ಇನ್ನು ತಿನ್ಬೇಡ ಅಂತ ಅವಳ ತಟ್ಟೆಯಿಂದ ಅನ್ನ ವಾಪಸ್ ತೆಗೆದಿದೀನಲ್ಲೋ. ಈ ಕೈಲೇ ತೆಗೆದಿದೀನಲ್ಲೋ." ಸೆರಗು ಬಾಯಿಗೊತ್ತಿಕೊಂಡು ಅತ್ತರು.

ಧನ್ಯಶ್ರೀ ಅಡುಗೆಮನೆಗೆ ಹೋಗಿ ತಟ್ಟೆ ತುಂಬ ಅನ್ನ, ಬಸ್ಸಾರು ಬಡಿಸಿಕೊಂಡು ಬಂದಳು. ಗಡಿಯಾರದ ಕೆಳಗೆ ನೆಲದ ಮೇಲೆ ಕೂತು, ದೊಡ್ಡ ದೊಡ್ಡ ತುತ್ತು ಮಾಡಿ ತಿನ್ನತೊಡಗಿದಳು. ತಾಯಿ ಅಳು ನಿಲ್ಲಿಸಿ ಎದ್ದುಹೋಗಿ ತುಪ್ಪ ತಂದು ಹಾಕಿದರು. ಕಾಫಿಯ ಮಾತು ಯಾರೂ ಎತ್ತಲಿಲ್ಲ.

ಅವನು ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲಿ ನಿಂತ.

"ಧನ್ಯಾ, ನಾನು ಕೇಳಿದ್ದಕ್ಕೆ ನೀವು ಏನೂ ಹೇಳ್ಲಿಲ್ಲ."

ಅವಳು ತುತ್ತು ನುಂಗಿ, ನೀರು ಕುಡಿದಳು.

"ಆವತ್ತು ಟೆರೇಸಲ್ಲಿ ಕೇಳಿದ್ರೆ ಹೂಂ ಅಂತಿದ್ದೆ," ಎಂದಳು. ಮತ್ತೆ ತಟ್ಟೆಗೆ ಕೈ ಹಾಕಿದಳು. "ಹೋಗ್ತಾ ಬಾಗಿಲು ಎಳ್ಕೊಂಡು ಹೋಗಿ."