ದಿಬ್ಬದ ಮೇಲಿನ ಬಾವಿ

ಕೊಡ ಮೇಲೆಳೆದ ಸತ್ಯವ್ವ ಚೀರಿದಳು. ಕೊಡದಲ್ಲಿ ನೀರಿರಲಿಲ್ಲ — ಬರೀ ಬಿಳಿ ರಾಡಿ!

೧೯೮೬ರ ಬೇಸಿಗೆ. ಇಳಕಲ್ಲಿನ ಹೊರಗೆ, ಗುಡೂರು ದಾರಿಯ ಆ ಓಣಿಗೆ ಕುಡಿಯಲು ಉಳಿದಿದ್ದದ್ದು ಅದೊಂದೇ ಬಾವಿ. ಸಬ್‌ಇನ್‌ಸ್ಪೆಕ್ಟರ್ ಅಂದಪ್ಪ ಬರುವಷ್ಟರಲ್ಲಿ ಗಂಡಸರು ಕಲ್ಲು ಹಿಡಿದು ಗ್ರಾನೈಟ್ ಕಾರ್ಖಾನೆಗೆ ಹೊರಟು ನಿಂತಿದ್ದರು.

"ಕಲ್ಲು ಪಾಲಿಶ್ ಮಾಡಿದ ರಾಡಿರಿ ಇದು," ಎಂದಳು ಸತ್ಯವ್ವ. "ಹ್ವಾದ ವರ್ಷ ನಮ್ಮಕ್ಕನ ಬಾವಿ ಕೆಡಿಸಿದ್ರು. ಈಗ ನಂದು."

ಅಕ್ಕ ಎಂದರೆ ಅವಳ ಗಂಡನ ಅಣ್ಣನ ಹೆಂಡತಿ, ಬೋರವ್ವ. ಪಕ್ಕದಲ್ಲೇ, ದಿಬ್ಬದ ಕೆಳಗಿನ ತನ್ನ ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದಳು.

"ನೀವೇನಂತೀರಿ, ಯವ್ವಾ?" ಅಂದಪ್ಪ ಅವಳನ್ನು ಕೇಳಿದ.

"ಕಾರ್ಖಾನಿಯವ್ರ ಕೆಲಸ. ಊರಿಗೇ ಗೊತ್ತೈತಿ."

ಸಂಜೆತನಕ ತಾಳಿರೆಂದು ಜನರಿಗೆ ಹೇಳಿ ಅಂದಪ್ಪ ಕಾರ್ಖಾನೆಯ ಹಿಂಬದಿಗೆ ಹೋದ. ಹಳ್ಳವೇ ಮಾಯವಾಗಿತ್ತು. ಒಣಗಿದ ಬಿಳಿ ಹೂಳು, ಅದರ ಮೇಲೆ ಹಸಿ ರಾಡಿ. ಜಾಲಿ ಗಿಡಗಳು ನಿಂತಲ್ಲೇ ಸತ್ತಿದ್ದವು. ಗಾಳಿ ಬೀಸಿದರೆ ಹಲ್ಲಿನಲ್ಲಿ ಕಲ್ಲುಪುಡಿ ಕರಕರ. ಇದೇ ಊರಲ್ಲಿ ಹುಟ್ಟಿದವನಿಗೂ ದಂಡೆ ಯಾವುದೆಂದು ಗುರುತಾಗಲಿಲ್ಲ. ಭೂಮಿಯ ಹೊಟ್ಟೆ ಬಗೆದು ಹೊಳೆಯುವ ಕಲ್ಲು ಒಯ್ದವರು ಈ ಹೊಲಸನ್ನು ಯಾರ ತಲೆಗೆ ಕಟ್ಟಿ ಹೋದರು?

ಮ್ಯಾನೇಜರ್ ಬೆವರುತ್ತಿದ್ದ. "ಬೋರವ್ವನ ಬಾವಿ ತಗ್ಗಿನ್ಯಾಗೈತಿ, ಸಾಹೇಬ್ರ. ಸತ್ಯವ್ವಂದು ದಿಬ್ಬದ ಮ್ಯಾಲೆ. ರಾಡಿ ದಿಬ್ಬಾ ಏರ್ತೈತೇನ್ರಿ?"

ಖರೆ. ಹಾಗಾದರೆ ಏರಿಸಿದವರು ಯಾರು?

ಅಂದಪ್ಪ ಮ್ಯಾನೇಜರನನ್ನೂ ಕರೆದುಕೊಂಡು ಮರಳಿ ಬಂದು ಸತ್ಯವ್ವನ ಬಾವಿಯ ಮೆಟ್ಟಿಲಿಳಿದ. ನೀರಿಗಿಂತ ಮೇಲೆ, ಗೋಡೆಯಿಂದ ಚಾಚಿದ್ದ ಕಲ್ಲಿನ ಮೇಲೆ ಒಣಗಿದ ರಾಡಿಯ ಹೆಂಟೆ. ತಿರುಗಿಸಿ ನೋಡಿದ. ಅದನ್ನು ಹಿಡಿದು ಮೇಲೆ ಬಂದವನೇ ಓಣಿಯ ಬುಟ್ಟಿಗಳನ್ನೆಲ್ಲ ತರಿಸಿದ.

"ಎಲ್ಲಾರೂ ನೀರು ನೋಡಿದ್ರಿ, ಗ್ವಾಡಿ ಯಾರೂ ನೋಡ್ಲಿಲ್ಲ. ತಾನಾಗೇ ಜಿನುಗಿದ ರಾಡಿ ನೀರಿನ ಮ್ಯಾಲೆ ಹೆಂಗ ಕುಂದರ್ತೈತಿ? ಯಾರೋ ಮ್ಯಾಲಿಂದ ಸುರುವ್ಯಾರ. ಹೆಂಟಿ ಮ್ಯಾಲೆ ಬುಟ್ಟಿ ಹೆಣಿಕಿ ಅಚ್ಚಾಗೈತಿ. ನಡುವ ತಂತಿ ಹೊಲಿಗಿ." ಅಂದಪ್ಪ ಒಂದು ಬುಟ್ಟಿ ಎತ್ತಿದ. ತಂತಿಯ ಹೊಲಿಗೆ ಇದ್ದದ್ದು ಅದೊಂದರಲ್ಲೇ. "ಬುಟ್ಟಿ ತೊಳದೀರಿ, ಬೋರವ್ವಾ. ಈ ಅಚ್ಚು ತೊಳ್ಯಾಕ ಆಗ್ಲಿಲ್ಲ."

ಬೋರವ್ವ ಎದ್ದು ನಿಂತಳು.

"ಹೌದು, ನಾನ! ನನ್ನ ಬಾವಿ ಸತ್ತಾಗ ಒಬ್ಬರರ ಕಲ್ಲು ಹಿಡದ್ರೇನು? ಕೊಡ ಹೊತ್ಗೊಂಡು ಆಕಿ ಕಡೆ ಹ್ವಾದ್ರು. ನನ್ನ ಅಂಗಳದಾಗ ನಗತಿದ್ದ ಹೆಣ್ಮಕ್ಕಳು ಆಕಿ ಅಂಗಳದಾಗ ನಗಾಕ ಹತ್ತಿದ್ರು. ಎದಿ ಉರೀತಿತ್ತು."

ಸತ್ಯವ್ವ ಅವಳತ್ತ ತಿರುಗಿದಳು. "ಅಕ್ಕಾ, ದಿನಾ ಮೊದಲನೇ ಕೊಡ ನಿನಗ ಕೊಡ್ತಿದ್ನೆಲ್ಲ?"

"ಅದನ್ನ ನನಗ ತಡಕೊಳ್ಳಾಕ ಆಗ್ಲಿಲ್ಲ."

ಗಂಡಸರ ಕೈಯಿಂದ ಕಲ್ಲುಗಳು ಜಾರಿದವು. ಮ್ಯಾನೇಜರ್ ನಕ್ಕ. "ಹಂಗಾರ ನಮ್ಮದೇನೂ ತಪ್ಪಿಲ್ಲ, ಅಲ್ರಿ?"

"ಈ ಬಾವಿದು ಇಲ್ಲ," ಎಂದ ಅಂದಪ್ಪ. "ತಗ್ಗಿನ ಬಾವಿ ಕೊಂದವ್ರು ನೀವ. ಅದರ ದೂರು ಈಗ ಬರಕೋತೇನಿ. ಹೇಳ್ರಿ, ಬೋರವ್ವಾ."

ಬೋರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸತ್ಯವ್ವ ಕಣ್ಣೊರೆಸಿಕೊಂಡು ಅವಳ ಪಕ್ಕ ಬಂದು ನಿಂತಳು.

"ನಾ ಹೇಳ್ತೇನಿ, ಸಾಹೇಬ್ರ. ಬರಕೋರಿ."