ರೆಡಿಯಾಗಿದ್ದ ಕಾರು

"ಗಾಡಿ ತೋ ಬೀಸ್ ದಿನ್ ಸೇ ತಯಾರ್ ಹೈ, ಭಾಭೀ!"

ಗ್ಯಾರೇಜಿನ ಖಾನ್ ಸಾಹೇಬರ ಮಾತು ಕೇಳಿ ಸಿಂಚನಾಳಿಗೆ ನಿಂತ ನೆಲವೇ ಕುಸಿದಂತಾಯಿತು. ಕಾರು ಇಪ್ಪತ್ತು ದಿನದಿಂದ ರೆಡಿ ಇದೆಯಾ? ಹಾಗಾದರೆ 'ದುಬೈಯಿಂದ ಪಾರ್ಟ್ಸ್ ಬರಬೇಕು' ಅಂತ ನಂದನ್ ದಿನಾ ಹೇಳುತ್ತಿದ್ದದ್ದು...?

ಸುಳ್ಳು! ಕಟ್ಟಿಕೊಂಡ ಹೆಂಡತಿಗೆ ಹೇಳಿದ ಹಸಿ ಸುಳ್ಳು!

ಒಮಾನಿನ ಸಲಾಲಾದಲ್ಲಿ ಕಾರಿಲ್ಲದೆ ಸಂಸಾರ ಮಾಡುವ ಪಾಡು ಏನೆಂದು ಈ ಎರಡು ತಿಂಗಳಲ್ಲಿ ಅವಳಿಗೆ ಚೆನ್ನಾಗಿ ಗೊತ್ತಾಗಿತ್ತು. ಬೆಳಿಗ್ಗೆ ಆರೂವರೆಗೇ ನಂದನ್ ಏಳು ವರ್ಷದ ಮಗಳು ದಿಶಾಳ ಬ್ಯಾಗನ್ನು ಹೆಗಲಿಗೇರಿಸಿ, ಅವಳನ್ನು ಶಾಲೆಯವರೆಗೆ ನಡೆಸಿಕೊಂಡು ಹೋಗಿ, ಅಲ್ಲಿಂದ ಆಫೀಸಿಗೆ ಟ್ಯಾಕ್ಸಿ ಹಿಡಿಯುತ್ತಿದ್ದ. ಮಧ್ಯಾಹ್ನದ ಬಿಸಿಲಿನಲ್ಲಿ ಕರೆತರುವುದು ಸಿಂಚನಾಳ ಪಾಲು. "ಅಮ್ಮಾ, ಐ ಕಾಂಟ್ ವಾಕ್!" ಅಂತ ಮಗು ರಸ್ತೆ ಬದಿಯಲ್ಲೇ ಕೂತುಬಿಟ್ಟರೆ, ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದು ಕೈಯಲ್ಲಿ ಅವಳು!

ಅದನ್ನೆಲ್ಲ ಸಹಿಸಿಕೊಂಡಿದ್ದಳು. ಸಹಿಸಲಾಗದ್ದು ಮೊನ್ನೆ ಅವನಾಡಿದ ಮಾತು.

"ಕಾರಿಲ್ದೆ ನಿಮ್ಮಿಬ್ರಿಗೂ ಕಷ್ಟ ಸಿಂಚು. ಗುರುವಾರ ಮೈಸೂರಿಗೆ ಹೋಗ್ಬಿಡಿ. ಅಲ್ಲೇ... ಇರಿ."

ಎಷ್ಟು ದಿನ ಅಂತ ಕೇಳಿದರೆ ಟಿಕೆಟ್ಟು ಕೈಗಿಟ್ಟ. ನೋಡಿದರೆ ಹೋಗುವುದಕ್ಕೆ ಮಾತ್ರ!

ಕಾರು ರಿಪೇರಿಯಾದರೆ ತನ್ನನ್ನು ಕಳಿಸಲು ಅವನಿಗೆ ನೆಪವೇ ಉಳಿಯುವುದಿಲ್ಲ ಎಂಬ ಕೊನೆಯ ಆಸೆಯಿಂದ, ದಿಶಾಳನ್ನು ಕೆಳಗಿನ ಮನೆಯ ಕ್ಲೆಮೆಂಟಿನಾ ಆಂಟಿಯ ಹತ್ತಿರ ಬಿಟ್ಟು ಗ್ಯಾರೇಜಿಗೆ ನಡೆದು ಬಂದಿದ್ದಳು. ಈಗ ಆ ಆಸೆಗೂ ಕಲ್ಲು ಬಿತ್ತು.

ಯಾಕೆ ಹೀಗಾಯಿತು ಎಂದು ಅವಳು ಯಾರನ್ನೂ ಕೇಳಬೇಕಿರಲಿಲ್ಲ. ಆಗಸ್ಟಿನಲ್ಲಿ, ಅಲ್ಲಿನ ಮಳೆಗಾಲದ ಮಂಜು ಮುಸುಕಿದ ಬೆಟ್ಟದ ರಸ್ತೆಯಲ್ಲಿ ಕಾರಿಗೆ ಒಂಟೆ ಅಡ್ಡ ಬಂದಿತ್ತು. ಹಿಂದಿನ ಸೀಟಿನಲ್ಲಿದ್ದ ದಿಶಾಗೆ ಒಂದು ಗೀರೂ ಆಗಲಿಲ್ಲ. ಆದರೆ ಸಿಂಚನಾಳ ಹೊಟ್ಟೆಯಲ್ಲಿದ್ದ ಐದು ತಿಂಗಳ ಕೂಸು ಉಳಿಯಲಿಲ್ಲ. ಆ ದಿನ 'ಬೆಟ್ಟದ ಹಸಿರು ನೋಡಲೇಬೇಕು' ಎಂದು ಹಟ ಹಿಡಿದವಳು ಅವಳೇ.

ಅಂದಿನಿಂದ ನಂದನ್ ಕೂಸಿನ ಮಾತೇ ಎತ್ತಿರಲಿಲ್ಲ.

'ನನ್ನಿಂದಲೇ ಆಯ್ತು ಅಂತ ಅವರ ಮನಸ್ಸಲ್ಲಿದೆ. ನನ್ನ ಮುಖ ನೋಡೋಕೂ ಬೇಡವಾಗಿದೆ...'

ಗಂಡ ಬಾಯಿ ಬಿಡದಿದ್ದರೆ ಹೆಂಡತಿಗೆ ಮೊದಲು ಹೊಳೆಯುವುದು ಕೆಟ್ಟ ಅರ್ಥವೇ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಪಾಪ, ಅಳುವವಳಿಗೆ ಗಾದೆ ಯಾಕೆ ನೆನಪಾಗಬೇಕು!

ಖಾನ್ ಸಾಹೇಬರು ಮೆಲ್ಲಗೆ ಶೆಡ್ಡಿನ ಕಡೆ ಬೆರಳು ತೋರಿಸಿದರು. ನಂದನ್ ಸಾಹೇಬ್ ಒಳಗೇ ಇದ್ದಾರೆ, ದಿನಾ ಸಂಜೆ ಆಫೀಸು ಬಿಟ್ಟು ಇಲ್ಲಿಗೆ ಬರುತ್ತಾರೆ, ಅರ್ಧ ಗಂಟೆ ಕಾರಿನಲ್ಲಿ ಕೂತು, ಕೀ ವಾಪಸ್ ಕೊಟ್ಟು ಹೋಗುತ್ತಾರೆ ಎಂದರು.

ಸಿಂಚನಾ ಓಡಿದಳು.

ನಂದನ್ ಸ್ಟೀರಿಂಗ್ ಹಿಡಿದು ಕೂತಿದ್ದ. ಎಂಜಿನ್ ಆಫ್ ಆಗಿತ್ತು. ಶರ್ಟು ಬೆವರಿನಿಂದ ತೊಯ್ದು ಬೆನ್ನಿಗೆ ಅಂಟಿತ್ತು. ಅವಳು ಪಕ್ಕದ ಬಾಗಿಲು ತೆಗೆದು ಕೂತಳು.

"ನಾನು ಬೇಡ ಅಂದ್ರೆ ನೇರವಾಗಿ ಹೇಳ್ಬೇಕಿತ್ತು ಕಣ್ರೀ! ಈ ಕಾರಿನ ನಾಟಕ ಯಾಕೆ?"

"ಸಿಂಚು... ನೀನು... ಇಲ್ಲಿ?"

"ಹೇಳ್ರೀ!"

"ಕೀ ತಿರುಗಿಸಕ್ಕೇ ಆಗ್ತಿಲ್ಲ ಕಣೇ." ಅವನು ಸ್ಟೀರಿಂಗಿಗೆ ಹಣೆಯೊತ್ತಿದ. "ಮುಟ್ಟಿದ ತಕ್ಷಣ ನೀನು ಆವತ್ತು ಕಿರುಚಿದ್ದು ಕೇಳತ್ತೆ. ಇವತ್ತಾಗತ್ತೆ, ನಾಳೆಯಾಗತ್ತೆ ಅಂತ ದಿನಾ ಬರ್ತೀನಿ..."

"ಮತ್ತೆ ನಮ್ಮನ್ನ ಯಾಕೆ ಊರಿಗೆ ಅಟ್ತಿದ್ದೀರಿ?"

"ನನಗೆ ಉಳಿದಿರೋದು ನೀವಿಬ್ರೇ. ನನ್ನ ಕೈಲಿ ನಿಮಗೂ ಏನಾದ್ರೂ ಆದ್ರೆ? ನನ್ನಿಂದ ದೂರ ಇದ್ರೆ ಬದುಕಿರ್ತೀರಲ್ಲ... ಹೆಂಗೂ ನೀನು ನನ್ನ ಕ್ಷಮಿಸಲ್ಲ."

'ನಾನು ಇವರನ್ನು ಕ್ಷಮಿಸಬೇಕಾ? ಎರಡು ತಿಂಗಳಿಂದ ಇವರ ಕ್ಷಮೆಗೆ ಕಾಯ್ತಾ ಇದ್ದವಳು ನಾನಲ್ಲವಾ?'

"ಹಟ ಮಾಡಿದ್ದು ನಾನು ಕಣ್ರೀ..."

"ಗಾಡಿ ಓಡಿಸ್ತಿದ್ದೋನು ನಾನು."

ನಂದನ್ ಮುಂದಿನ ಗಾಜನ್ನೇ ನೋಡುತ್ತ ಹೇಳಿದ.

"ಹೆಣ್ಣು ಕೂಸು, ಸಿಂಚು. ನೀನಿನ್ನೂ ಮಂಪರಿನಲ್ಲಿದ್ದೆ. ನರ್ಸು ಬಟ್ಟೇಲಿ ಸುತ್ತಿ ನನ್ನ ಕೈಗೆ ಕೊಟ್ರು. ನಾನೊಬ್ನೇ ನೋಡ್ದೆ. ಹೆಂಗೆ ಹೇಳ್ಲಿ ನಿಂಗೆ..."

ಇಷ್ಟು ಭಾರವನ್ನು ಈ ಮನುಷ್ಯ ಒಬ್ಬನೇ ಹೊತ್ತಿದ್ದನೇ!

"ಹೇಗಿದ್ಲು?"

"ನಿನ್ನದೇ ಮೂಗು."

ಅವಳು ಅವನ ಭುಜಕ್ಕೆ ಮುಖವೊತ್ತಿ ಗೋಳೋ ಎಂದು ಅತ್ತಳು. ಅವನೂ ಅತ್ತ. ಆಸ್ಪತ್ರೆಯಲ್ಲಿ ಅಳದವನು, ಮನೆಯಲ್ಲಿ ಅಳದವನು, ಗ್ರೀಸ್ ವಾಸನೆಯ ಆ ಶೆಡ್ಡಿನಲ್ಲಿ ಮಗುವಿನಂತೆ ಅತ್ತ.

ಎಷ್ಟೋ ಹೊತ್ತಿನ ಮೇಲೆ ಅವನ ಕೈ ತಾನಾಗಿ ಕೀಯತ್ತ ಹೋಯಿತು. ಎಂಜಿನ್ ಗುರ್ ಎಂದಿತು. ಸಿಂಚನಾ ಕಿರುಚಲಿಲ್ಲ. ಕಾರು ನಿಧಾನವಾಗಿ ಶೆಡ್ಡು ದಾಟಿ, ಗೇಟಿನವರೆಗೆ ಬಂದು ನಿಂತಿತು. ಅವನು ಎಂಜಿನ್ ಆಫ್ ಮಾಡಿ ಕೀ ಹೊರತೆಗೆದ.

"ಇವತ್ತಿಗೆ ಇಷ್ಟೇ ಆಗೋದು..."

"ಸಾಕು ಬಿಡಿ. ಮಿಕ್ಕಿದ್ದು ನಡ್ಕೊಂಡು ಹೋಗೋಣ. ಗುರುವಾರ ನಾನೆಲ್ಲೂ ಹೋಗಲ್ಲ, ಗೊತ್ತಾಯ್ತಾ?"

ಕೀಯನ್ನು ಖಾನ್ ಸಾಹೇಬರಿಗೆ ಕೊಟ್ಟು ಇಬ್ಬರೂ ರಸ್ತೆಗಿಳಿದರು.

"ಕಾರು ಯಾವಾಗ ಬರತ್ತೆ ಅಂತ ದಿಶಾ ಕೇಳಿದ್ರೆ?"

"ನಿಜ ಹೇಳೋಣ ರೀ. ಅಪ್ಪಂಗೆ ಇನ್ನೂ ಭಯ ಇದೆ ಅಂತ."

"ಅಮ್ಮಂಗೆ?"

"ಅಮ್ಮಂಗೂ..." ಎಂದಳು ಸಿಂಚನಾ, ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಳ್ಳುತ್ತ.