ಅಜ್ಜನ ಶ್ರುತಿ, ಹೋಟೆಲಿನ ಹುಡುಗ

"ಥೂ!"

ಹೂವಿನ ಬುಟ್ಟಿ ಕೆಳಗಿಡುತ್ತಲೇ ನೋಹೆಯಾಳ ಬಾಯಿಂದ ಹೊರಟ ಮೊದಲ ಮಾತು ಅದು.

ಕೋನಾ ಕಡಲ ದಂಡೆಯ ಆ ದೊಡ್ಡ ಹೋಟೆಲಿನ ಅಂಗಳದಲ್ಲಿ, ಬಿಸಿಲಿಗೆ ಬೆಂದು ಕೆಂಪಾದ ಪ್ರವಾಸಿಗರು ಪ್ಲಾಸ್ಟಿಕ್ ಹುಲ್ಲಿನ ಲಂಗ ಸುತ್ತಿಕೊಂಡು ಕುಣಿಯುತ್ತಿದ್ದರು. ಕುಣಿತವೇ ಅದು? ಇರುವೆ ಕಚ್ಚಿಸಿಕೊಂಡವರ ಒದ್ದಾಟ! ಮೈಕು ಹಿಡಿದವನೊಬ್ಬ "ಅಲೋಹಾ ಅನ್ನಿ! ಇನ್ನೂ ಜೋರಾಗಿ ಅನ್ನಿ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದ.

ಪಾದ್ರಿಗಳು ಪಾಪವೆಂದು ನಿಲ್ಲಿಸಿದ್ದ ಕಾಲದಲ್ಲಿ ಅವಳ ಮನೆಯ ಹೆಂಗಸರು ಹಿತ್ತಲಲ್ಲಿ ಕದ್ದುಮುಚ್ಚಿ ಹುಲಾ ಕುಣಿತ ಕಲಿಸಿ ಉಳಿಸಿದ್ದರು. 'ಉಳಿಸಿದ್ದು ಇದಕ್ಕಾ...?'

ಪಕ್ಕದ ಮನೆಯ ಮಾಪು ಆಂಟಿಗೆ ಮೊಣಕಾಲು ನೋವು ಬರದಿದ್ದರೆ ಅವಳು ಇಲ್ಲಿಗೆ ಕಾಲಿಡುತ್ತಲೇ ಇರಲಿಲ್ಲ. ಹೋಟೆಲಿಗೆ ಹೂಮಾಲೆ ತಂದುಕೊಡುವುದು ಆಂಟಿಯ ಕೆಲಸ.

ಅಷ್ಟರಲ್ಲಿ ಮಣ್ಣಿನ ಕುಳಿಯಿಂದ ಬೆಂದ ಹಂದಿಯನ್ನು ಮೇಲೆತ್ತಿದರು. ಜನ ತಟ್ಟೆ ಹಿಡಿದು, ಒಬ್ಬರನ್ನೊಬ್ಬರು ತಳ್ಳುತ್ತಾ ಓಡಿದರು. ವೇದಿಕೆಯ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ.

ಆಗ ಗಿಟಾರಿನ ದನಿ ಕೇಳಿತು. ಬುಡದ ತಂತಿಯ ಆ ಆಳದ ಗುಂಯ್ ಸದ್ದು, ಅದರ ಮೇಲೆ ನಿಧಾನಕ್ಕೆ ಒಂದೊಂದೇ ಸ್ವರ...

ನೋಹೆಯಾಳ ಕಾಲುಗಳು ನಿಂತಲ್ಲೇ ನಿಂತವು.

ಅಜ್ಜನ ಶ್ರುತಿ!

ಈ ದ್ವೀಪಗಳಲ್ಲಿ ತಂತಿ ಸಡಿಲಿಸಿ ಶ್ರುತಿ ಮಾಡುವುದರಲ್ಲಿ ಮನೆಗೊಂದು ಬಗೆ. ಹೊರಗಿನವರಿಗೆ ಅದನ್ನು ಬಿಟ್ಟುಕೊಡುವ ಮಾತೇ ಇಲ್ಲ. ಈ ಶ್ರುತಿ, ಬೆಟ್ಟದ ಮೇಲೆ ದನ ಮೇಯಿಸುತ್ತಿದ್ದ ಅವಳ ಮುತ್ತಾತ ಕೂಡಿಸಿದ್ದು. ಅಜ್ಜ ಬಿರಡೆ ತಿರುಗಿಸುವಾಗ ಅವಳಿಗೂ ಬೆನ್ನು ಹಾಕಿ ಕೂರುತ್ತಿದ್ದ. ನುಡಿಸಿ ಮುಗಿಯುತ್ತಲೇ ಎಲ್ಲ ತಂತಿ ಸಡಿಲಿಸಿ ಗೋಡೆಗೆ ತೂಗುಹಾಕುತ್ತಿದ್ದ, ಯಾರೂ ಕದಿಯಬಾರದೆಂದು. "ನಿನಗೆ ಆಮೇಲೆ ಹೇಳಿಕೊಡ್ತೀನಿ ಮಗಾ" ಎನ್ನುತ್ತಿದ್ದ ಅಜ್ಜ, ಹೋದ ವರ್ಷ ಹೇಳಿಕೊಡದೆಯೇ ಹೋಗಿಬಿಟ್ಟ.

ಅವಳು ಸೀದಾ ವೇದಿಕೆ ಹತ್ತಿದಳು. ನುಡಿಸುತ್ತಿದ್ದವನು ಅವಳದೇ ವಯಸ್ಸಿನವನು. ಮೈಮೇಲೆ ಗಿಳಿಹಸಿರು ಹೋಟೆಲ್ ಶರ್ಟು, ಕೊರಳಲ್ಲಿ ಪ್ಲಾಸ್ಟಿಕ್ ಮಾಲೆ. ಇಂಥವನ ಕೈಯಲ್ಲಾ... ಥೂ!

"ಏಯ್! ಎಲ್ಲಿ ಕದ್ದೆ ಇದನ್ನ?"

ಅವನು ತಲೆಯೆತ್ತಿದ. ನೋಡಿದವನೇ ಗಡಿಬಿಡಿಯಿಂದ ಬಿರಡೆಗಳನ್ನು ತಿರುಗಿಸಿ ತಂತಿ ಸಡಿಲಿಸಿಬಿಟ್ಟ. ಕಳ್ಳ ಮಾಲು ಬಚ್ಚಿಟ್ಟ ಹಾಗೆ!

"ನೀವು... ನೋಹೆಯಾ ಅಲ್ವಾ?"

"ನನ್ನ ಹೆಸರೂ ಕದ್ದಿಟ್ಕೊಂಡಿದೀಯಾ?"

"ನಾನು ಹನಾಲೆ. ಕದ್ದಿಲ್ಲ ಕಣ್ರೀ. ಆದ್ರೆ ಹೇಗೆ ಬಂತು ಅಂತ ಹೇಳೋ ಹಾಗಿಲ್ಲ. ಮಾತು ಕೊಟ್ಟಿದೀನಿ."

"ಬಾಯಿ ತುಂಬ ತುರುಕೊಳ್ಳೋ ಈ ಜನರ ಮುಂದೆ ನಮ್ಮನೆ ಶ್ರುತಿ ಬಿಚ್ಚಿ ಹರಡ್ತೀಯಲ್ಲ, ಅಸಹ್ಯ ಆಗಲ್ವಾ ನಿನಗೆ?"

ಅವನು ಕೊರಳಿನ ಪ್ಲಾಸ್ಟಿಕ್ ಮಾಲೆಯನ್ನೊಮ್ಮೆ ನೋಡಿಕೊಂಡ. "ದಿನಾ ಆಗುತ್ತೆ. ಆದ್ರೆ ನುಡಿಸದೇ ಬಿಟ್ರೆ ಕೈಗೆ ಮರೆತುಹೋಗುತ್ತೆ. ಆಮೇಲೆ ಯಾರ ಹತ್ರಾನೂ ಇರಲ್ಲ."

ಆ ಮಾತು ಅವಳ ಎದೆಗೆ ನೇರವಾಗಿ ಚುಚ್ಚಿತು. ಅವಳು ಧಡಧಡ ಇಳಿದು ಬಂದುಬಿಟ್ಟಳು. ಅವನ ಕಣ್ಣು ಅಷ್ಟು ಮೃದುವಾಗಿರಬಾರದಿತ್ತು ಎಂದು ಅದಕ್ಕೂ ಸಿಟ್ಟು ಬಂತು.

ಹೋಕೆನ ಊರಿನ ಮನೆ ಸೇರಿದಾಗ ಗೋಡೆಯ ಮೇಲೆ ಅಜ್ಜನ ಗಿಟಾರ್ ಕಂಡಿತು. ತಂತಿಗಳು ಜೋತುಬಿದ್ದಿದ್ದವು.

ಅವನ್ನು ಸಡಿಲಿಸಿದ್ದು ಅವಳೇ. ಅಜ್ಜ ಕುರ್ಚಿಯಲ್ಲೇ ಕಣ್ಣು ಮುಚ್ಚಿದ ದಿನ, ತೊಡೆಯ ಮೇಲಿದ್ದ ಗಿಟಾರನ್ನು ಎತ್ತಿಕೊಂಡು, ಹುಟ್ಟಿದಾಗಿನಿಂದ ನೋಡಿಕೊಂಡು ಬಂದ ರೂಢಿಯಂತೆ ಒಂದೊಂದೇ ಬಿರಡೆ ತಿರುಗಿಸಿದ್ದಳು. ಅಳು ನಿಂತ ಮೇಲಷ್ಟೇ ಹೊಳೆದದ್ದು, ಆ ಶ್ರುತಿ ಉಳಿದಿದ್ದದ್ದು ಆ ತಂತಿಗಳಲ್ಲಿ ಮಾತ್ರ ಎಂದು! ಆಮೇಲೆ ಎಷ್ಟು ತಿಣುಕಿದರೂ ಅದು ಕೂಡಿಬರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ತನ್ನ ಕೈ ಕಂಡರೆ ತನಗೇ ಹೇಸಿಗೆ.

"ಏನೇ, ಮುಖ ಯಾಕೆ ಹುಳಿ ಹಣ್ಣು ತಿಂದೋಳ ಹಾಗಿದೆ?" ಮಾಪು ಆಂಟಿ ಅಡುಗೆಮನೆಯಿಂದ ಚುರುಕಾಗಿ ನಡೆದು ಬಂದಳು.

"ಹನಾಲೆ ಅಂತ ಒಬ್ಬ ಕಳ್ಳ ಇದಾನೆ ಆ ಹೋಟ್ಲಲ್ಲಿ. ಅಜ್ಜನ ಶ್ರುತಿ... ಅಲ್ಲ, ನಿನ್ನ ಮೊಣಕಾಲು?"

"ಅದಕ್ಕೇನಾಗಿದೆ ಧಾಡಿ? ನಿನ್ನನ್ನ ಅಲ್ಲಿಗೆ ಕಳಿಸೋಕೆ ಬೇರೆ ದಾರಿ ಇರ್ಲಿಲ್ಲ, ನೋಯಿಸ್ಕೊಂಡೆ." ಆಂಟಿ ಅವಳ ಎದುರಿಗೆ ಕೂತಳು. "ನಿಮ್ಮಜ್ಜ ಸಂಜೆಯಾದ್ರೆ ಮೀನು ಹಿಡಿಯೋಕೆ ಹೋಗ್ತೀನಿ ಅಂತ ಹೋಗ್ತಿದ್ದನಲ್ಲ... ಯಾವತ್ತಾದ್ರೂ ಒಂದು ಮೀನು ತಂದಿದ್ನೇನೇ?"

ನೋಹೆಯಾ ಇಲ್ಲವೆಂದು ತಲೆಯಾಡಿಸಿದಳು.

"ಆ ಹೋಟ್ಲಲ್ಲೇ ನುಡಿಸ್ತಿದ್ದ. ಪ್ಲಾಸ್ಟಿಕ್ ಮಾಲೆ ಹಾಕ್ಕೊಂಡು. ನೀನು ಹೋಟ್ಲು ಅಂದ್ರೆ ಥೂ ಅಂತೀಯಲ್ಲ, ಅದಕ್ಕೇ ನಿನ್ನಿಂದ ಮುಚ್ಚಿಟ್ಟ. ಮುದುಕನಿಗೆ ನಿನ್ನ ಕಂಡ್ರೆ ಅಷ್ಟು ಹೆದರಿಕೆ. ಕೊನೇ ಕಾಲದಲ್ಲಿ ಬೆರಳು ಮರಗಟ್ಟಿ ಬಿರಡೆ ತಿರುಗ್ತಿರಲಿಲ್ಲ, ಮನೇಲೂ ತಂತಿ ಸಡಿಲಿಸೋದು ಬಿಟ್ಟಿದ್ದ. ಅಲ್ಲಿ ಹೋಟ್ಲ ಗಿಟಾರಿಗೆ ತಿರುಗಿಸ್ತಿದ್ದೋನು ಪಕ್ಕದಲ್ಲಿ ಕೂತಿರ್ತಿದ್ದ ಆ ಹುಡುಗ."

ಹೋಟೆಲಿನ ಹೇಸಿಗೆಯಿಂದ ದೂರ, ಶುದ್ಧವಾಗಿ ಉಳಿದವನೆಂದು ಅವಳು ಮನಸ್ಸಿನಲ್ಲಿ ಪೂಜಿಸುತ್ತಿದ್ದ ಅಜ್ಜ... ಅಲ್ಲೇ ಕೂತಿದ್ದ! ತನ್ನ 'ಥೂ' ತಾಗಿದ್ದು ಅವನಿಗೇ. ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಮಧ್ಯಾಹ್ನ, ಪ್ರವಾಸಿಗರು ಇನ್ನೂ ಸೇರದ ಹೊತ್ತಿನಲ್ಲಿ, ಹೋಟೆಲಿನ ಹಿಂದಿನ ಕಪ್ಪು ಬಂಡೆಗಳ ಮೇಲೆ ಹನಾಲೆ ಕೂತಿದ್ದ. ಅಜ್ಜನ ಗಿಟಾರ್ ತಂದು ಅವನ ತೊಡೆಯ ಮೇಲಿಟ್ಟಳು.

"ಆಂಟಿ ಎಲ್ಲ ಹೇಳಿದ್ರು. ಇದನ್ನ ಹಾಳು ಮಾಡಿದ್ದು ನಾನೇ. ಅಜ್ಜ ಹೋದ ದಿನ ನಾನೇ ಸಡಿಲಿಸಿಬಿಟ್ಟೆ. ನಿನ್ನನ್ನ ಕಳ್ಳ ಅಂದೆ..."

"ನಿಮ್ಮ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ." ಅವನು ತಂತಿಗಳನ್ನು ಸವರಿದ. "ಮಣ್ಣು ಮಾಡಿದ ದಿನ ಬಂದಿದ್ದೆ. ಹೋಟೆಲ್ ಶರ್ಟ್ ಹಾಕ್ಕೊಂಡು ನಮ್ಮಂಗಳಕ್ಕೆ ಬರಬೇಡಿ ಅಂದ್ರಿ. ವಾಪಸ್ ಹೋದೆ."

"ಅಯ್ಯೋ... ಅದು ನೀನಾ?"

"ಹ್ಞೂಂ. ದಿನಾ ಆ ಜನ ಹಂದಿಗೆ ಸಾಲು ನಿಲ್ಲೋ ಹೊತ್ತಲ್ಲೇ ನುಡಿಸ್ತೀನಿ. ಆಗ ಯಾರೂ ಕಿವಿಗೊಡಲ್ಲ, ಶ್ರುತಿ ಭದ್ರ ಅಂತ ಅಜ್ಜನೇ ಹೇಳಿಕೊಟ್ಟಿದ್ದು. ಎಂದಾದ್ರೂ ನೀವು ಕೇಳಿಸ್ಕೊಂಡು ಬಂದು ಬೈತೀರಿ ಅಂತ ಕಾದಿದ್ದೆ." ಅವನು ತಲೆ ತಗ್ಗಿಸಿದ. "ಅಜ್ಜ ದಿನವೆಲ್ಲ ನಿಮ್ಮ ವಿಷಯಾನೇ ಹೇಳ್ತಿದ್ರು. ನಿಮ್ಮ ಸಿಟ್ಟು, ನಿಮ್ಮ ಹಟ... ಕೇಳ್ತಾ ಕೇಳ್ತಾ ನನಗೆ ನೀವು ಇಷ್ಟ ಆಗೋದ್ರಿ. ಇನ್ನೇನ್ ಮಾಡ್ಲಿ ಹೇಳಿ!"

ನೋಹೆಯಾ ಕೈ ಚಾಚಿ ಅವನ ಕೊರಳಿನ ಪ್ಲಾಸ್ಟಿಕ್ ಮಾಲೆ ತೆಗೆದಳು. ತಾನು ಕಟ್ಟಿ ತಂದಿದ್ದ ದೇವಕಣಗಿಲೆ ಹೂವಿನ ಮಾಲೆ ಹಾಕಿದಳು.

"ಮೊದಲು ಈ ನೀವು, ರೀ ಅನ್ನೋದು ಬಿಡು. ಮೈ ಉರಿಯುತ್ತೆ."

ಅವನು ನಕ್ಕ. ಬೆನ್ನು ಹಾಕಲಿಲ್ಲ. ಅವಳ ಕಡೆಗೇ ತಿರುಗಿ ಕೂತು, ಒಂದೊಂದೇ ಬಿರಡೆಯನ್ನು ಅವಳ ಕಣ್ಣೆದುರಿಗೆ, ಅವಳ ಬೆರಳಿಂದಲೇ ತಿರುಗಿಸಿದ. ಬುಡದ ತಂತಿ ಗುಂಯ್ ಎಂದಿತು. ಅಜ್ಜ ಅಲ್ಲೇ ಎಲ್ಲೋ ಕೆಮ್ಮಿದಂತಾಯಿತು ಅವಳಿಗೆ.

ನುಡಿಸಿ ಮುಗಿಸಿದವನ ಕೈ ರೂಢಿಯಂತೆ ಬಿರಡೆಗೆ ಹೋಯಿತು. ಅವಳು ಆ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಸಡಿಲಿಸಬೇಡ."

"ಹೀಗೇ ಬಿಟ್ರೆ ಯಾರಾದ್ರೂ ಕದೀತಾರೆ ನೋಹೆಯಾ..."

"ನಮ್ಮನೆ ಗೋಡೆ ಮೇಲಿರುತ್ತೆ. ಇನ್ನು ಆ ಮನೇಲಿ ಇರೋರು ನೀನು, ನಾನು. ಯಾರು ಕದೀತಾರೆ?"